ಥಾಯ್ಲೆಂಡ್ ಆಸ್ಪತ್ರೆಗಳ ಅಧ್ಯಯನ ಪ್ರವಾಸಕ್ಕೆ ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ: ಮದ್ದೂರಿನ ರೈತ

ನನ್ನ ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕಾಲೇಜಿನವರು ಹತ್ತು ದಿನಗಳ ಮಟ್ಟಿಗೆ ವಿದ್ಯಾರ್ಥಿಗಳನ್ನು ಬ್ಯಾಂಕಾಕ್‌ನ ಆಸ್ಪತ್ರೆಗಳಿಗೆ ಕರೆದೊಯ್ಯುವುದಾಗಿ ತಿಳಿಸಿದ್ದಾರೆ. ಖರ್ಚು ಈ ಸಲದ ಕಬ್ಬಿನ ಹಣವನ್ನು ಹೆಚ್ಚುಕಡಿಮೆ ಪೂರ್ತಿ ನುಂಗುವಷ್ಟಿದೆ. ಥಾಯ್ಲೆಂಡ್ ಎಂದೊಡನೆ ಊರಿನವರು ನಗುತ್ತಾರೆ, ಅದಿರಲಿ. ಕೆ.ಆರ್. ಆಸ್ಪತ್ರೆಯ ವಾರ್ಡಿನಲ್ಲಿ ಸಿಗದ ಯಾವ ಪಾಠ ಅಲ್ಲಿ ಸಿಗುತ್ತದೆ ಎಂಬುದನ್ನು ತಿಳಿದವರು ಹೇಳಬೇಕು.

ಉತ್ತರ 1: ಮೈಸೂರಿನ ಶುಶ್ರೂಷಕಿ

ನಾನು ವಿದ್ಯಾರ್ಥಿನಿಯಾಗಿದ್ದಾಗ ಇಂಥದೇ ಪ್ರವಾಸಕ್ಕೆ ಹೋಗಿದ್ದೆ. ಮೊದಲ ಎರಡು ದಿನ ಹೋಟೆಲಿನಂತಿದ್ದ ಖಾಸಗಿ ಆಸ್ಪತ್ರೆಯಲ್ಲಿ ಕಳೆದುಹೋದವು. ವಿದೇಶಿ ರೋಗಿಗಳಿಗಾಗಿ ದುಭಾಷಿಗಳು ಓಡಾಡುತ್ತಿದ್ದರು, ನಾವು ಫೋಟೋ ತೆಗೆದುಕೊಂಡೆವು, ಅಷ್ಟೇ. ಪಾಠ ಸಿಕ್ಕಿದ್ದು ನಗರದ ಹೊರಗಿನ ಹಳ್ಳಿಯಲ್ಲಿ. ಅಲ್ಲಿ ಆರೋಗ್ಯ ಸ್ವಯಂಸೇವಕಿಯೊಬ್ಬರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಮುದುಕರೊಬ್ಬರ ಮನೆಯೊಳಗೆ ಹೋದರು, ಅವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು, ಬಂದ ಅಂಕಿಯನ್ನು ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಟ್ಟರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನಪಿಸುವ ಇಂಥ ಸ್ವಯಂಸೇವಕರು ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚಿದ್ದಾರೆ.

ಇನ್ನೊಂದು ಸಂಗತಿ. ನಮ್ಮಲ್ಲಿ ಸಹಕಾರ ಸಂಘಗಳ ರೈತರ ಶಸ್ತ್ರಚಿಕಿತ್ಸೆಗಾಗಿ 2003ರಲ್ಲಿ ಯಶಸ್ವಿನಿ ಬಂತಲ್ಲವೇ, ಅದಕ್ಕೆ ಒಂದು ವರ್ಷ ಮೊದಲೇ, 2002ರಲ್ಲಿ, ಥಾಯ್ಲೆಂಡ್ ಸರ್ಕಾರಿ ನೌಕರಿಯಾಗಲಿ ಕಂಪನಿಯ ವಿಮೆಯಾಗಲಿ ಇಲ್ಲದ ಎಲ್ಲರಿಗೂ ಭೇಟಿಯೊಂದಕ್ಕೆ 30 ಬಾತ್ ಪಡೆದು ಚಿಕಿತ್ಸೆ ಕೊಡುವ ಯೋಜನೆಯನ್ನು ದೇಶದಾದ್ಯಂತ ವಿಸ್ತರಿಸಿತು. ಅದು ನಡೆಯುವ ಬಗೆಯನ್ನು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕುಳಿತು ನೋಡಬೇಕು. ರೋಗಿಗಳನ್ನು ಮುಟ್ಟಲು ಬಿಡಲಿಲ್ಲ ಎಂದು ನನ್ನ ಗೆಳತಿಯರು ಗೊಣಗಿದ್ದುಂಟು, ಬಿಡದಿರುವುದೇ ಸರಿ.

ಉತ್ತರ 2: ಮಂಡ್ಯ ಜಿಲ್ಲೆಯ ವೈದ್ಯ

ಕಬ್ಬಿನ ಗದ್ದೆಯ ಸೀಮೆಯವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಬ್ಯಾಂಕಾಕ್‌ನಲ್ಲಿ ಥಾಯ್ ರೆಡ್‌ಕ್ರಾಸ್‌ನ ಕ್ವೀನ್ ಸಾವೊವಭಾ ಸಂಸ್ಥೆಯಿದೆ. ಅಲ್ಲಿ ಹಾವುಗಳ ವಿಷ ತೆಗೆಯುವುದನ್ನು ಸಾರ್ವಜನಿಕರೂ ನೋಡಬಹುದು. ನಮ್ಮಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಅವರಲ್ಲಿ ಹಾವಿನ ಜಾತಿಗೆ ತಕ್ಕ ಬೇರೆ ಬೇರೆ ಪ್ರತಿವಿಷಗಳೂ ಇವೆ. ಅವರ ಕೊಳಕುಮಂಡಲ ನಮ್ಮದಕ್ಕಿಂತ ಬೇರೆ ಪ್ರಭೇದದ್ದಾದ್ದರಿಂದ ಅಲ್ಲಿನ ಔಷಧವನ್ನು ಇಲ್ಲಿಗೆ ತಂದು ಬಳಸುವಂತಿಲ್ಲ. ಏಕೆ ಎಂಬುದನ್ನು ಅರಿಯುವುದೇ ವಿದ್ಯಾರ್ಥಿಗೆ ದೊಡ್ಡ ಪಾಠ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲಂತೂ ಈ ತಿಳಿವಳಿಕೆ ದಾದಿಯರಿಗೆ ಬೇಕೇ ಬೇಕು. ಆದರೆ ಹಾವು ಕಡಿದವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ವಾಲಿಸಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆಯನ್ನು ಕಲಿಯಲು ವಿಮಾನ ಹತ್ತಬೇಕಿಲ್ಲ. ಅದನ್ನು ಇಲ್ಲೇ ಕೈಯಾರೆ ಮಾಡಿ ಕಲಿತು ಹೋಗಲಿ. ಕಾಲೇಜಿನಿಂದ ದಿನವಾರು ವೇಳಾಪಟ್ಟಿಯನ್ನು ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು

ವೇಳಾಪಟ್ಟಿ ತರಿಸಿಕೊಂಡೆ. ಎರಡು ಖಾಸಗಿ ಆಸ್ಪತ್ರೆ, ಮೂರು ದಿನ ಪಟ್ಟಾಯದ ಕಡಲತೀರ, ಒಂದು ದಿನ ಖರೀದಿ. ಸರ್ಕಾರಿ ಆಸ್ಪತ್ರೆಯ ಹೆಸರೇ ಇಲ್ಲ, ಹಳ್ಳಿಯೂ ಇಲ್ಲ. ಪಟ್ಟಾಯದ ದಿನಗಳನ್ನು ನೀವಿಬ್ಬರೂ ಹೇಳಿದ ಜಾಗಗಳಿಗೆ ಬದಲಾಯಿಸಿದರೆ ಮಾತ್ರ ಹಣ ಕಟ್ಟುವುದಾಗಿ ಪ್ರಾಂಶುಪಾಲರಿಗೆ ಪತ್ರ ಬರೆದಿದ್ದೇನೆ. ಇನ್ನೂ ನಾಲ್ವರು ಪೋಷಕರು ಅದಕ್ಕೆ ಸಹಿ ಹಾಕಿದ್ದಾರೆ.