‘ಬೇಸ್ ಬೇಸದ’: ಹೆಡ್‌ಫೋನಿನ ಬೇಸ್‌ಗೆ ಯಾವ ಪದ?

ಹೆಡ್‌ಫೋನ್, ಅದಕ್ಕೆ ದನಿಯ ಬಲ ಕೊಡುವ ಆಂಪ್ (ಆಂಪ್ಲಿಫೈಯರ್) ಬಗ್ಗೆ ಕನ್ನಡದಲ್ಲೇ ಬರೆಯೋಣ ಅಂತ ಕೂತೆ. ಮೊದಲ ಸಾಲಲ್ಲೇ ‘ಬೇಸ್’ (ಇಂಗ್ಲಿಷಿನ bass, ಅಂದರೆ ತಗ್ಗಿನ ದಪ್ಪ ದನಿ) ಹತ್ತಿರ ನಿಂತುಬಿಟ್ಟೆ. ನಮ್ಮ ಕಲಬುರಗಿ ಕಡೆ ಬೇಸ್ ಅಂದರೆ ಚಲೋ, ಚೆಂದ ಅಂತ ಅರ್ಥ. ಮಾವನ ಕಿವಿಗೆ ಹೆಡ್‌ಫೋನ್ ಹಾಕಿ ‘ಬೇಸ್ ಹ್ಯಾಂಗದ್ರಿ?’ ಅಂದೆ. ‘ಬೇಸದ’ ಅಂದರು. ಯಾವ ಬೇಸ್ ಅಂತ ಮತ್ತೆ ಕೇಳಬೇಕಾಯಿತು.

ಮಾವ ತಬಲಾ ಬಾರಿಸುವವರು. ‘ಖರ್ಜ ಅಂತ ಬರಿ’ ಅಂದರು. ತಂಬೂರಿಯ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿಗೆ ಖರ್ಜ ಅಂತಲೇ ಹೆಸರು. ಪದ ಇಷ್ಟವಾಯಿತು. ಆದರೆ ಅದು ಷಡ್ಜದಿಂದ ಬಂದದ್ದು, ಒಂದು ಸ್ವರದ ಹೆಸರು. ಹೆಡ್‌ಫೋನಿನವರು ಬೇಸ್ ಅನ್ನುವುದು ಸುಮಾರು 20ರಿಂದ 250 ಹರ್ಟ್ಸ್‌ವರೆಗಿನ ಇಡೀ ಹರವಿಗೆ. ‘ಮಂದ್ರ’ (ಕೆಳಗಿನ ಸ್ಥಾಯಿ) ಕೂಡ ಸರಿ ಕೂರುವುದಿಲ್ಲ, ಹಾಡುವವರ ಶ್ರುತಿ ಬದಲಾದರೆ ಮಂದ್ರವೂ ಜಾಗ ಬದಲಿಸುತ್ತದೆ ಅಲ್ವಾ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಬೇಸ್ ಎಳೆಯದೆ ತಟ್ಟನೆ ನಿಂತರೆ ಅದಕ್ಕೆ ಏನನ್ನುವುದು? ನನ್ನದು ಸೆನ್‌ಹೈಸರ್ ಎಚ್‌ಡಿ 650. 300 ಓಮ್ ಅಂತ ಬರೆದಿದ್ದರೂ 100 ಹರ್ಟ್ಸ್ ಆಸುಪಾಸಿನಲ್ಲಿ ಅದರ ತಡೆ (ಇಂಪೀಡೆನ್ಸ್, ವಿದ್ಯುತ್ ಹರಿವಿಗೆ ಒಡ್ಡುವ ಅಡ್ಡಿ) 500 ಓಮ್ ಹತ್ತಿರಕ್ಕೆ ಏರುತ್ತದೆ. ಆಂಪಿನ ಒಳತಡೆ (ಔಟ್‌ಪುಟ್ ಇಂಪೀಡೆನ್ಸ್) 1 ಓಮ್‌ಗಿಂತ ಕಡಿಮೆ ಇದ್ದರೆ ಇದರಿಂದ ಏನೂ ಆಗುವುದಿಲ್ಲ. ಅದೇ 120 ಓಮ್ ಒಳತಡೆ ಇರುವ ವಾಲ್ವ್ ಆಂಪಿಗೆ ಚುಚ್ಚಿದರೆ ಆ ಭಾಗ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ, ಜೊತೆಗೆ ಹೆಡ್‌ಫೋನಿನೊಳಗೆ ದನಿ ಹುಟ್ಟಿಸುವ ಪೊರೆಯ ಅಲುಗಾಟವನ್ನು ಹಿಡಿದು ನಿಲ್ಲಿಸುವ ಆಂಪಿನ ಶಕ್ತಿಯೂ ಕಡಿಮೆಯಾಗುತ್ತದೆ. ಡಗ್ಗಾದ (ತಬಲಾ ಜೋಡಿಯ ದಪ್ಪ ದನಿಯ ವಾದ್ಯ) ಮೇಲೆ ‘ಘೆ’ ಬಾರಿಸಿ ಕೈ ಎತ್ತಿದರೆ ಗುಂಯ್ ಅಂತ ಉಳಿಯುತ್ತದೆ, ಅಂಗೈ ಒತ್ತಿದರೆ ಅಲ್ಲೇ ನಿಲ್ಲುತ್ತದೆ. ಆಂಪ್ ಮಾಡುವ ಕೆಲಸ ಆ ಅಂಗೈಯದ್ದು.

ಹೀಗೆ ತಟ್ಟನೆ ನಿಲ್ಲುವ ಬೇಸ್‌ಗೆ ಎಲ್ಲರೂ ‘ಟೈಟ್’ ಅನ್ನುತ್ತಾರೆ. ನಾನು ಸುಮ್ನೆ ‘ಬಿಗಿ ಬೇಸ್’ ಅಂತ ಬರೆದಿದ್ದೆ, ಮಾವ ಒಪ್ಪಲಿಲ್ಲ. ಗಟ್ಟಾ (ತಬಲಾದ ಪಕ್ಕದಲ್ಲಿ ಸಿಕ್ಕಿಸುವ ಮರದ ತುಂಡು) ಬಡಿದು ಚರ್ಮ ಬಿಗಿ ಮಾಡಿದರೆ ಸ್ವರ ಮೇಲಕ್ಕೆ ಹೋಗುತ್ತದೆ, ಬಿಗಿ ಅಂದರೆ ನಮಗೆ ಅದೇ, ಬೇಸ್ ಕಡಿಮೆಯಾಯಿತು ಅಂತ ತಿಳಿದುಕೊಳ್ಳುತ್ತೇವೆ ಅಂದರು. ಮಾತು ಖರೆ ಅನಿಸಿತು. ವಾದ್ಯ ಹಿಡಿದವರಿಗೇ ತಪ್ಪಾಗಿ ಕೇಳಿಸುವ ಪದ ನಮಗೆ ಬೇಡ.

ಈಗ ‘ಹಿಡಿತದ ಬೇಸ್’ ಅಂತ ಬರೆಯುತ್ತಿದ್ದೇನೆ, ಅದಕ್ಕೆ ಎದುರಾಗಿ ‘ಗುಂಯ್‌ಗುಡುವ ಬೇಸ್’. ಎರಡನೆಯದು ತಾನಾಗಿ ಕೂತಿತು. ಆಂಪಿಗೂ ಹೆಡ್‌ಫೋನಿಗೂ ‘ಜೋಡಿ’ ಸಾಕು, ತಬಲಾ ಡಗ್ಗಾಕ್ಕೂ ಜೋಡಿ ಅಂತಲೇ ಅನ್ನುತ್ತೇವಲ್ಲ. ‘ಹಿಡಿತ’ ಮಾತ್ರ ನನಗೇ ಸ್ವಲ್ಪ ಪುಸ್ತಕದ ಮಾತಿನಂತೆ ಕಾಣುತ್ತದೆ.

ಬೀದರ್, ಯಾದಗಿರಿ ಕಡೆ ಹಲಗೆ, ಡೊಳ್ಳು ಬಾರಿಸುವವರ ಜೊತೆ ಓಡಾಟ ಇರುವವರು ಹೇಳಿ: ಪೆಟ್ಟು ಬಿದ್ದ ಮೇಲೆ ದನಿ ಎಳೆಯದೆ ಅಲ್ಲೇ ನಿಂತರೆ ಅದಕ್ಕೆ ನಿಮ್ಮಲ್ಲಿ ಏನಂತಾರೆ?