ಸಹಾಯ ಬೇಕು: ಇಂಕ್‌ಸ್ಕೇಪ್‌ನಲ್ಲಿ ಮೂಲೆ ಕೆಡದ ಹಾಗೆ ನೋಡ್ ಕಡಿಮೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿನೈಲ್ ಕಟ್ಟಿಂಗ್‌ಗೆ (ಸ್ಟಿಕ್ಕರ್ ಹಾಳೆಯನ್ನು ಯಂತ್ರದ ಬ್ಲೇಡ್‌ನಿಂದ ಕೊಯ್ಯಲು) ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ‘ಕ’ ಅಕ್ಷರ ಬಿಡಿಸುತ್ತಿದ್ದೇನೆ. ಫಾಂಟ್ ಬೇಡ, ಕೈಬರಹದ ಆಕಾರವೇ ಬೇಕು.

ಮಾಡಿದ್ದು ಇಷ್ಟು. ಪೆನ್ ಟೂಲ್‌ನಿಂದ ನಡುಗೆರೆ ಎಳೆದೆ. ಬಳುಕು ಅತಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೋಗುವ ಜಾಗದಲ್ಲಷ್ಟೇ ನೋಡ್ (ಗೆರೆಯ ಆಕಾರ ಹಿಡಿದಿಡುವ ಬಿಂದು) ಇಟ್ಟು, ಕಂಟ್ರೋಲ್ ಒತ್ತಿ ಹಿಡಿದು ಹ್ಯಾಂಡಲ್‌ಗಳನ್ನು (ನೋಡ್‌ನಿಂದ ಹೊರಟು ಬಳುಕು ತಿದ್ದುವ ಕಡ್ಡಿಗಳನ್ನು) ನೇರ ಮಾಡಿದೆ. ಸ್ಟ್ರೋಕ್ (ಗೆರೆಯ ದಪ್ಪ) 8 ಮಿ.ಮೀ. ಆಮೇಲೆ ಪಾತ್ ಮೆನುವಿನ ‘ಸ್ಟ್ರೋಕ್ ಟು ಪಾತ್’ ಕೊಟ್ಟು ದಪ್ಪ ಗೆರೆಯನ್ನು ಹೊರಗೆರೆಯಾಗಿ ಬದಲಿಸಿದೆ. ಗೆರೆ ತನ್ನನ್ನೇ ದಾಟುವ ಕಡೆ ಒಳಗೊಂದು ಅಡ್ಡಗೆರೆ ಉಳಿದರೆ ಬ್ಲೇಡ್ ಅಲ್ಲೂ ಕೊಯ್ಯುತ್ತದೆ, ಹಾಗಾಗಿ ಆಕಾರಗಳನ್ನು ಒಂದಾಗಿಸುವ ಯೂನಿಯನ್ ಕೂಡ ಕೊಟ್ಟೆ. ಔಟ್‌ಲೈನ್ ನೋಟದಲ್ಲಿ ಈಗ ಅಡ್ಡಗೆರೆ ಇಲ್ಲ.

ತೊಂದರೆ ಇಲ್ಲಿಂದ ಶುರು. ತಿರುವುಗಳಲ್ಲಿ ನೋಡ್‌ಗಳು ಗುಂಪುಗುಂಪಾಗಿ ಕೂತಿವೆ, ಅಂಚು ಸಣ್ಣಗೆ ನಡುಗಿದಂತೆ ಕಾಣುತ್ತದೆ. ಕಂಟ್ರೋಲ್ ಎಲ್ ಒತ್ತಿ ಸಿಂಪ್ಲಿಫೈ ಮಾಡಿದರೆ ನೋಡ್ ಕಡಿಮೆಯಾಗುತ್ತವೆ, ಆದರೆ ತಲೆಕಟ್ಟಿನ ಚೂಪು ಮೂಲೆಗಳೂ ಉರುಟಾಗುತ್ತವೆ. ಪ್ರಿಫರೆನ್ಸಸ್‌ನಲ್ಲಿ ಸಿಂಪ್ಲಿಫೈನ ಥ್ರೆಶೋಲ್ಡ್ (ಎಷ್ಟು ಸರಳಗೊಳಿಸಬೇಕೆಂಬ ಅಳತೆ) 0.002ರಿಂದ 0.0005ಕ್ಕೆ ಇಳಿಸಿದರೆ ಮೂಲೆ ಉಳಿಯುತ್ತದೆ, ನಡುಕವೂ ಉಳಿಯುತ್ತದೆ.

ಮೂಲೆಯ ನೋಡ್‌ಗಳಲ್ಲಿ ಪಾತ್ ಒಡೆದು, ಸಿಂಪ್ಲಿಫೈ ಮಾಡಿ, ಮತ್ತೆ ಜೋಡಿಸಿದರೆ ಸರಿಬರುತ್ತದೆ. ಆದರೆ 49 ಅಕ್ಷರಕ್ಕೂ ಹೀಗೆ ಮಾಡುವುದು ಕಷ್ಟ. ಇದಕ್ಕಿಂತ ಹತ್ತಿರದ ದಾರಿ ಇದೆಯೇ? ಅಥವಾ ನಡುಗೆರೆ ಬಿಟ್ಟು ಮೊದಲಿಂದಲೇ ಹೊರಗೆರೆ ಎಳೆಯುವುದು ವಾಸಿಯೇ? ಮಾಡಿ ನೋಡಿದವರು ದಯವಿಟ್ಟು ಹಂತ ಹಂತವಾಗಿ ತಿಳಿಸಿ, ಎಸ್‌ವಿಜಿ ಫೈಲ್ ಇದ್ದರೆ ಹಾಕಿ.