ಹತ್ತು ವರ್ಷದ ವೀಸಾ ಕೈಲಿದೆ, ಒಂದು ಸಲಕ್ಕೆ ಎಷ್ಟು ದಿನ ಇರಬಹುದು?

ಪ್ರಶ್ನೆ (ಶಿರಸಿ): ನಮಸ್ಕಾರ ಸರ್. ನನಗೂ ನಮ್ಮನೆಯವರಿಗೂ ಅಮೆರಿಕದ ಬಿ1/ಬಿ2 (ಭೇಟಿಗೆ ಹೋಗುವವರ) ವೀಸಾ 10 ವರ್ಷಕ್ಕೆ ಸಿಕ್ಕಿದೆ. ಮಗಳು, ಅಳಿಯ ಸಿಯಾಟಲ್‌ನಲ್ಲಿದ್ದಾರೆ, ಮೊಮ್ಮಗ ಇನ್ನೂ ಸಣ್ಣವನು. ಆರು ತಿಂಗಳು ಅಲ್ಲಿದ್ದು, ಹದಿನೈದು ದಿನ ಊರಿಗೆ ಬಂದು ತೋಟ ನೋಡಿಕೊಂಡು, ಮತ್ತೆ ಆರು ತಿಂಗಳಿಗೆ ಹೋಗಬಹುದಾ? ಪರಿಚಯದವರೊಬ್ಬರು ಧಾರಾಳವಾಗಿ ಹೋಗಬಹುದು ಅಂದರು.

ಉತ್ತರ: ನಮಸ್ಕಾರ ರಾಯರೇ. ವೀಸಾ ಕಾಗದಪತ್ರದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ತೆಗೆದು ನೋಡಿ. 'ಎಂಟ್ರೀಸ್' ಅನ್ನುವ ಕಡೆ 'ಎಂ' ಅಂತ ಇರುತ್ತದೆ. ಅಂದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಅಲ್ಲೇ ಇರುವ 10 ವರ್ಷದ ತಾರೀಕು ಅಮೆರಿಕದ ಬಾಗಿಲಿಗೆ ಹೋಗಿ ಒಳಗೆ ಬರುತ್ತೇವೆ ಅಂತ ಕೇಳುವುದಕ್ಕಿರುವ ಗಡುವು. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಪ್ರತಿ ಸಲವೂ ವಿಮಾನ ನಿಲ್ದಾಣದ ಅಧಿಕಾರಿಯೇ ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆಯನ್ನೂ ಕೊಡಬಹುದು. ಈಗ ಎಷ್ಟೋ ಸಲ ಪಾಸ್‌ಪೋರ್ಟ್‌ಗೆ ಮೊಹರೂ ಬೀಳುವುದಿಲ್ಲ. ಹಾಗಾಗಿ ಮನೆ ಮುಟ್ಟಿದ ಕೂಡಲೇ ಮಗಳ ಹತ್ತಿರ ಅಮೆರಿಕ ಸರ್ಕಾರದ ಐ-94 (ನೀವು ಒಳಗೆ ಬಂದ ದಾಖಲೆ) ವೆಬ್‌ಸೈಟ್ ತೆಗೆಸಿ. ಅದರಲ್ಲಿ 'ಅಡ್ಮಿಟ್ ಅಂಟಿಲ್' ಅಂತ ಒಂದು ತಾರೀಕು ಇರುತ್ತದೆ. ನಿಮ್ಮಿಬ್ಬರದ್ದೂ ಬೇರೆ ಬೇರೆ ನೋಡಿ, ಪ್ರಿಂಟ್ ತೆಗೆದಿಡಿ. ವಾಪಸ್ ಟಿಕೆಟ್ ಆ ತಾರೀಕಿನ ಒಳಗೇ ಇರಬೇಕು. ಒಂದು ದಿನ ದಾಟಿದರೂ ಆ 10 ವರ್ಷದ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಜಾಸ್ತಿ ಅನಧಿಕೃತವಾಗಿ ಉಳಿದು ಹೊರಟರೆ 3 ವರ್ಷ, ಒಂದು ವರ್ಷ ದಾಟಿದರೆ 10 ವರ್ಷ ಒಳಗೆ ಬಿಡುವುದಿಲ್ಲ.

ಈಗ ನಿಮ್ಮ ಹದಿನೈದು ದಿನದ ವಿಷಯ. ಎರಡು ಭೇಟಿಯ ನಡುವೆ ಇಷ್ಟೇ ದಿನ ಹೊರಗಿರಬೇಕು ಅಂತ ಕಾನೂನಿನಲ್ಲಿಲ್ಲ. ಆದರೆ ನೀವು ನೋಡಲು ಬಂದವರೋ, ಅಲ್ಲೇ ನೆಲೆಸಿದವರೋ ಅಂತ ಅಧಿಕಾರಿ ನೋಡುತ್ತಾರೆ. ಅನುಮಾನ ಬಂದರೆ ಬಾಗಿಲಿನಿಂದಲೇ ವಾಪಸ್ ಕಳಿಸುವ ಅಧಿಕಾರ ಅವರಿಗಿದೆ. ಅಲ್ಲಿ ಎಷ್ಟು ದಿನ ಇದ್ದಿರೋ ಕನಿಷ್ಠ ಅಷ್ಟು ದಿನವಾದರೂ ಊರಲ್ಲಿದ್ದು ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆರು ತಿಂಗಳು ಕೊಟ್ಟರು ಅಂತ ಆರು ತಿಂಗಳೂ ಕಳೆಯಬೇಕು ಅಂತೇನಿಲ್ಲ ಅಲ್ವಾ?

ತೋಟ ಇರುವವರಿಗೆ ಲೆಕ್ಕ ಚೆನ್ನಾಗಿ ಕೂಡುತ್ತದೆ. ಅಡಿಕೆ ಕೊಯ್ಲು, ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿಯುವುದು ಎಲ್ಲಾ ಮುಗಿಸಿ ಏಪ್ರಿಲ್ ಕೊನೆಗೆ ಹೊರಡಿ. ಸಿಯಾಟಲ್‌ನಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಹವೆ ಚೆನ್ನಾಗಿರುತ್ತದೆ. ಚಳಿಗಾಲದಲ್ಲಿ ಬರೀ ಜಿಟಿಜಿಟಿ ಮಳೆ, ನಾಲ್ಕೂವರೆಗೇ ಕತ್ತಲು. ವಯಸ್ಸಾದವರು ಮನೆಯೊಳಗೇ ಕೂರಬೇಕಾಗುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವುದನ್ನು ಇಲ್ಲಿ ಯಾರಿಗಾದರೂ ವಹಿಸಿ, ಮುಂದಿನ ಕೊಯ್ಲಿಗೆ ನೀವೇ ಇರಿ. ಅಧಿಕಾರಿ ಕೇಳಿದರೂ ಇದನ್ನೇ ಹೇಳಿ: ಮಗಳನ್ನೂ ಮೊಮ್ಮಗನನ್ನೂ ನೋಡಲು ಬಂದಿದ್ದೇವೆ, ಅಡಿಕೆ ಕೊಯ್ಲಿಗೆ ಮುಂಚೆ ವಾಪಸ್, ಟಿಕೆಟ್ ಇಲ್ಲಿದೆ. ಅಷ್ಟು ಸಾಕು. ಸಂಬಳದ ಕೆಲಸ ಮಾತ್ರ ಈ ವೀಸಾದಲ್ಲಿ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ (ಕಾರವಾರ): ಅಣ್ಣಾ, ನಮ್ಮದು ಜರ್ಮನಿ. ಮಗ ಮ್ಯೂನಿಕ್‌ನಲ್ಲಿದ್ದಾನೆ. ನನಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ಮಲ್ಟಿಪಲ್ ಎಂಟ್ರಿ ವೀಸಾ ಸಿಕ್ಕಿದೆ. ಇಲ್ಲಿಗೂ ಇದೇ ಆರು ತಿಂಗಳಾ?

ಉತ್ತರ: ಇಲ್ಲ ಅಕ್ಕಾ, ಅಲ್ಲಿ ಲೆಕ್ಕವೇ ಬೇರೆ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಇಲ್ಲಿ ಎಡವುವವರು ಬಹಳ, ಯಾಕೆಂದರೆ ಆ 180 ದಿನ ಜನವರಿಗೋ ಜುಲೈಗೋ ಹೊಸದಾಗಿ ಶುರುವಾಗುವುದಿಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಹಿಂದಿನ 180 ದಿನ ಎಣಿಸಿ ನೋಡಬೇಕು. ಉದಾಹರಣೆಗೆ ಏಪ್ರಿಲ್ 1ಕ್ಕೆ ಇಳಿದರೆ ಜೂನ್ 29ಕ್ಕೆ 90 ದಿನ ಮುಗಿಯಿತು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಮತ್ತೆ ಪೂರ್ತಿ 90 ದಿನ ಬೇಕಾದರೆ ಸೆಪ್ಟೆಂಬರ್ 28ರವರೆಗೆ ಕಾಯಬೇಕು.

ಮಗನ ಜೊತೆ ಸ್ವಿಟ್ಜರ್ಲೆಂಡ್‌ಗೋ ಇಟಲಿಗೋ ಹೋದರೂ ಅದೇ 90ರಲ್ಲಿ ಕಳೆಯುತ್ತದೆ. ಲಂಡನ್‌ಗೆ ಹೋದ ದಿನಗಳು ಕಳೆಯುವುದಿಲ್ಲ, ಆದರೆ ಅದಕ್ಕೆ ಬೇರೆ ವೀಸಾ ಬೇಕು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ ಸಮೇತ ಕಂಪ್ಯೂಟರ್‌ನಲ್ಲಿ ದಾಖಲು ಮಾಡಲು ಶುರು ಮಾಡಿದ್ದಾರೆ. ಇನ್ನೊಂದು ಮಾತು. ಅಮೆರಿಕದ ವೀಸಾ ನೀವು ಒಳಗಿರುವಾಗ ಮುಗಿದರೂ ಐ-94 ತಾರೀಕಿನವರೆಗೆ ಇರಬಹುದು. ಷೆಂಗೆನ್‌ನಲ್ಲಿ ಹಾಗಿಲ್ಲ, ದಿನ ಉಳಿದಿದ್ದರೂ ವೀಸಾದ ಕೊನೆ ತಾರೀಕಿಗೆ ಹೊರಟಿರಬೇಕು.

ಪ್ರಶ್ನೆ (ಹೊನ್ನಾವರ): ಕೆನಡಾದಲ್ಲಿ ಮಗಳಿಗೆ ಪಿಆರ್ (ಕಾಯಂ ವಾಸದ ಪರವಾನಗಿ) ಇದೆ. ನಾನೊಬ್ಬಳೇ ಇರುವುದು, ವರ್ಷಗಟ್ಟಲೆ ಅವಳ ಜೊತೆ ಇರುವ ದಾರಿ ಇದೆಯಾ?

ಉತ್ತರ: ಇದೆ ಅಮ್ಮಾ. ಮಾಮೂಲಿ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು. ನೀವು ಸೂಪರ್ ವೀಸಾಕ್ಕೆ ಅರ್ಜಿ ಹಾಕಿ. ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಅಂತಲೇ ಇರುವುದು. 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು. ಮಗಳ ಆದಾಯ ಅವರು ಹೇಳಿದಷ್ಟಿರಬೇಕು, ನಿಮಗೆ ವೈದ್ಯಕೀಯ ತಪಾಸಣೆ ಆಗಬೇಕು, ಕನಿಷ್ಠ 1 ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಒಂದು ವರ್ಷಕ್ಕೆ ಇರಬೇಕು. ಬಿಪಿ, ಶುಗರ್ ಇದ್ದರೆ ವಿಮೆ ಮಾಡಿಸುವಾಗ ಮುಚ್ಚಿಡಬೇಡಿ. ಆಸ್ಪತ್ರೆ ಬಿಲ್ ಬಂದಾಗ ಅದನ್ನೇ ಹಿಡಿದು ಹಣ ಕೊಡದೇ ಹೋಗುತ್ತಾರೆ.

ಪ್ರಶ್ನೆ (ಕುಮಟಾ): ಅಮೆರಿಕ ವೀಸಾ ಹಳೇ ಪಾಸ್‌ಪೋರ್ಟ್‌ನಲ್ಲಿದೆ. ಪಾಸ್‌ಪೋರ್ಟ್ ಅವಧಿ ಮುಗಿಯಿತು.

ಉತ್ತರ: ವೀಸಾಕ್ಕೆ ಏನೂ ಆಗಲ್ಲ. ಹೊಸ ಪಾಸ್‌ಪೋರ್ಟ್ ಮಾಡಿಸಿ, ಎರಡನ್ನೂ ಜೊತೆಗೆ ಒಯ್ಯಿರಿ. ವೀಸಾ ಕಿತ್ತು ಅಂಟಿಸಲು ಹೋಗಬೇಡಿ.

ಪ್ರಶ್ನೆ (ಶಿರಸಿ, ಮೊದಲು ಕೇಳಿದವರು): ತುಂಬಾ ಉಪಕಾರ ಸರ್. ಏಪ್ರಿಲ್‌ಗೇ ಹೊರಡುತ್ತೇವೆ. ಇಲ್ಲಿ ಏನೇನು ಮುಗಿಸಿಟ್ಟು ಹೋಗಬೇಕು?

ಉತ್ತರ: ಆಧಾರ್‌ಗೂ ಬ್ಯಾಂಕಿಗೂ ಕೊಟ್ಟ ಮೊಬೈಲ್ ನಂಬರ್ ಬಂದ್ ಆಗದಂತೆ ರೋಮಿಂಗ್ ಹಾಕಿಸಿ, ಓಟಿಪಿ ಅದಕ್ಕೇ ಬರುವುದು. ಔಷಧಿಯನ್ನು ಅದರ ಪಟ್ಟಿ ಬಿಚ್ಚದೆ, ಡಾಕ್ಟರ ಚೀಟಿ ಜೊತೆ ಕೈಚೀಲದಲ್ಲೇ ಇಡಿ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಕಸ್ಟಮ್ಸ್‌ನಲ್ಲಿ ಕೇಳಿದಾಗ ತಿನ್ನುವ ಸಾಮಾನು ಇದೆ ಅಂತಲೇ ಹೇಳಿ, ಇಲ್ಲ ಅಂದು ಸಿಕ್ಕಿದರೆ ದಂಡ. ಪಿಂಚಣಿ ಇದ್ದರೆ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡುವ ಹೊತ್ತಿಗೆ ಹೇಗೂ ಊರಲ್ಲಿರುತ್ತೀರಿ.